ಈರಣ್ಣನ ಒಳ್ಳೆಯ ನಡತೆಯ ವರದಿ

ಕೊರೊನಾ ಬರುವುದರ ಹಿಂದಿನ ವರ್ಷ ನಾನು ಧಾರವಾಡದಲ್ಲಿ ಪ್ರೊಬೇಷನ್ ಅಧಿಕಾರಿಯಾಗಿದ್ದೆ. ಮೊದಲ ಸಲ ತಪ್ಪು ಮಾಡಿದವನನ್ನು ಜೈಲಿಗೆ ಕಳಿಸದೆ, ಒಳ್ಳೆಯ ನಡತೆಯ ಮುಚ್ಚಳಿಕೆ ಬರೆಸಿಕೊಂಡು ಬಿಡಬಹುದೇ ಎಂದು ನ್ಯಾಯಾಲಯ ಕೇಳುತ್ತದೆ. ಅವನ ಮನೆ, ಓಣಿ, ಕೆಲಸದ ಜಾಗ ಸುತ್ತಿ ವರದಿ ಕೊಡುವುದು ನಮ್ಮ ಕೆಲಸ. ನಾನು ಸ್ವಭಾವತಃ ಸಂಶಯದವನು. ಕೊಟ್ಟ ಚಹಾವನ್ನೂ ಮೂಸಿ ನೋಡಿ ಕುಡಿಯುತ್ತೇನೆಂದು ಕಚೇರಿಯವರು ಛೇಡಿಸುತ್ತಿದ್ದರು. ಒಳಗೊಳಗೇ ನನಗೆ ಅದು ಹೆಮ್ಮೆ.

ಈರಣ್ಣ ತಾರಿಹಾಳದ ವರ್ಕ್‌ಶಾಪೊಂದರಲ್ಲಿ ಲೇಥ್ ಮಶೀನ್ ನಡೆಸುವವನು. ಮಾತಿಗೆ ಮಾತು ಬೆಳೆದು ಜೊತೆಗಾರನ ಭುಜಕ್ಕೆ ನಟ್ಟು ಬಿಗಿಯುವ ಕಬ್ಬಿಣದ ಪಾನಾದಿಂದ ಹೊಡೆದಿದ್ದ. ತಪ್ಪು ಸಾಬೀತಾಗಿತ್ತು. ಶಿಕ್ಷೆ ಏನೆಂಬುದು ನನ್ನ ವರದಿಗೆ ಕಾದಿತ್ತು.

ಮುಂಚೆ ತಿಳಿಸದೆ ಕೇಶ್ವಾಪುರದ ಅವನ ಓಣಿಗೆ ಹೋದೆ. ಒಬ್ಬೊಬ್ಬರನ್ನೇ ಬೇರೆ ಕರೆದು ಕೇಳುವುದು ನನ್ನ ರೂಢಿ. ಏಳು ಮನೆಯಲ್ಲಿ ಕೇಳಿದೆ.

"ಭಾಳ ಛಲೋ ಮನಷ್ಯಾರಿ. ತಾನಾತು, ತನ್ನ ಕೆಲಸಾತು."

ಏಳೂ ಕಡೆ ಇದೇ ಮಾತು. ಯಾರೋ ಬಾಯಿಪಾಠ ಮಾಡಿಸಿದ್ದಾರೆ ಅನ್ನಿಸಿತು. ವರ್ಕ್‌ಶಾಪಿನ ಮಾಲೀಕ ಹೇಳಿಕೊಟ್ಟನೇ? ಪೆಟ್ಟು ತಿಂದವನ ಬಾಯಿ ಮುಚ್ಚಿಸಿದರೇ? ಮೂರು ದಿನ ತಾರಿಹಾಳಕ್ಕೆ ಅಲೆದೆ. ಪೆಟ್ಟು ತಿಂದವನನ್ನು ಒಬ್ಬನನ್ನೇ ಕೂರಿಸಿ ಕೇಳಿದೆ. "ಯಾರೂ ಹೆದರಿಸಿಲ್ರಿ, ನಾನೂ ಬೈದಿದ್ನಿ," ಅಂದ. ನನ್ನ ಸಂಶಯಕ್ಕೆ ಎಲ್ಲೂ ಎಳೆ ಸಿಗಲಿಲ್ಲ.

ಕೊನೆಗೆ ಈರಣ್ಣನ ಮನೆಗೆ ಹೋದೆ. ಅವನೂ ಅವನ ತಾಯಿಯೂ ಎದುರು ಕೂತರು. ಹೆಂಡತಿ ಸುವರ್ಣಾ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಗಂಡ ಹೇಗೆ ನೋಡಿಕೊಳ್ಳುತ್ತಾನೆಂದು ಅಲ್ಲೇ ಕೇಳಿದೆ. ಅವನತ್ತ ನೋಡಿ, "ಛಲೋ ನೋಡ್ಕೋತಾರ್ರಿ," ಅಂದಳು. ನಾನು ಹೊರಟಾಗ ಗೇಟು ಹಾಕಲು ಬಂದವಳು ಮೆಲ್ಲಗೆ ಕೇಳಿದಳು.

"ಜೈಲಾದ್ರ ಎಷ್ಟ ದಿನಾ ಇಡ್ತಾರ್ರಿ?"

"ಹೆದರಬ್ಯಾಡ ತಂಗಿ, ಜೈಲ್ ಆಗೂದಿಲ್ಲ," ಎಂದು ಧೈರ್ಯ ಹೇಳಿದೆ. ಅವಳು ಗೇಟು ಹಾಕಿ ಒಳಗೆ ಹೋದಳು.

ನ್ಯಾಯಾಲಯ ನನ್ನ ವರದಿ ಒಪ್ಪಿ ಈರಣ್ಣನನ್ನು ಒಂದು ವರ್ಷದ ಮುಚ್ಚಳಿಕೆಯ ಮೇಲೆ ಬಿಟ್ಟಿತು. ತಿಂಗಳಿಗೊಮ್ಮೆ ಇಸ್ತ್ರಿ ಅಂಗಿ ತೊಟ್ಟು ನನ್ನ ಕಚೇರಿಗೆ ಬಂದು ಸಹಿ ಹಾಕುತ್ತಿದ್ದ. ನಾಲ್ಕನೆಯ ತಿಂಗಳು ಸುವರ್ಣಾ ಬಂದಳು. ಎಡಗೈಗೆ ಪ್ಲಾಸ್ಟರ್ ಹಾಕಿತ್ತು. ಮದುವೆಯಾದಾಗಿನಿಂದ ಹೊಡೆತ ತಪ್ಪಿರಲಿಲ್ಲವಂತೆ. ಓಣಿಗೆಲ್ಲ ಗೊತ್ತಿದ್ದರೂ ಗಂಡ ಹೆಂಡಿರ ವಿಷಯವೆಂದು ಒಬ್ಬರೂ ಬಾಯಿ ಬಿಟ್ಟಿರಲಿಲ್ಲ.

"ನನಗ ಆವತ್ತ ಯಾಕ ಹೇಳ್ಲಿಲ್ಲ?" ಎಂದು ರೇಗಿದೆ.

"ಓಣಿ ಮಂದಿನ್ನೆಲ್ಲಾ ಬ್ಯಾರೆ ಬ್ಯಾರೆ ಕರದು ಕೇಳಿದ್ರಿ. ನನ್ನೊಬ್ಬಾಕಿನ್ನ ಅಷ್ಟ ಗಂಡ, ಅತ್ತಿ ಮುಂದ ಕೇಳಿದ್ರಿ."

ಅವಳು ದೂರು ಕೊಟ್ಟಳು, ನಾನು ನ್ಯಾಯಾಲಯಕ್ಕೆ ಬರೆದೆ. ಮುಚ್ಚಳಿಕೆ ರದ್ದಾಗಿ ಈರಣ್ಣ ಆರು ತಿಂಗಳು ಜೈಲಿಗೆ ಹೋದ. ಅಲ್ಲಿಂದ ನಿವೃತ್ತಿಯವರೆಗೆ, ಮನೆಯ ಹೆಂಗಸರನ್ನು ಪ್ರತ್ಯೇಕವಾಗಿ ಮಾತಾಡಿಸದೆ ಒಂದು ವರದಿಗೂ ನಾನು ಸಹಿ ಮಾಡಲಿಲ್ಲ. ಜೈಲು ಮನುಷ್ಯನನ್ನು ತಿದ್ದುತ್ತದೆಯೇ ಎಂಬ ಬಗ್ಗೆ ನನಗೆ ಇವತ್ತಿಗೂ ಸಂಶಯವಿದೆ. ಆದರೆ ಆ ಆರು ತಿಂಗಳು ಸುವರ್ಣಾಳ ಮೈಮೇಲೆ ಒಂದು ಪೆಟ್ಟೂ ಬೀಳಲಿಲ್ಲ.