ಎಡೆ ಮುಟ್ಟದ ಕೋತಿ

ನಾನು ಚಿಕ್ಕವನಿದ್ದಾಗ ಕಿಕ್ಕೇರಿಯ ಹತ್ತಿರದ ನಮ್ಮೂರಿನಲ್ಲಿ ನಮ್ಮದೊಂದು ಆಲೆಮನೆ ಇತ್ತು. ಕಬ್ಬು ಅರೆದು ಬೆಲ್ಲ ಕಾಯಿಸುವ ಜಾಗ ಅದು. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿಯತೊಡಗಿದರೆ ಅದರ ಘಮಲು ಊರಿನ ಕೊನೆಯ ಮನೆಗೂ ಹೋಗುತ್ತಿತ್ತು. ಸ್ಕೂಲಿನಲ್ಲಿ ಮಗ್ಗಿ ಹೇಳುವಾಗಲೂ ನನ್ನ ಮೂಗು ಆಲೆಮನೆಯಲ್ಲೇ ಇರುತ್ತಿತ್ತು. ಪಕ್ಕದ ಅರಳಿಮರದ ಕೋತಿಗಳದ್ದೂ ಅದೇ ಕತೆ. ಅಪ್ಪ ಅಚ್ಚಿನಿಂದ ಬೆಲ್ಲ ಬಿಡಿಸುವ ಹೊತ್ತಿಗೆ ಸರಿಯಾಗಿ, ಕರೆದ ನೆಂಟರ ಹಾಗೆ ಇಳಿದು ಬರುತ್ತಿದ್ದವು. ಅವುಗಳಲ್ಲಿ ಒಂದು ಹೆಣ್ಣು ಕೋತಿಗೆ ಅಪ್ಪನ ಮೇಲೆ ಬಹಳ ನಂಬಿಕೆ. ಉಳಿದವು ಕಿತ್ತುಕೊಂಡು ಓಡಿದರೆ, ಇದು ಅಪ್ಪನ ಅಂಗೈಯಿಂದ ಬೆಲ್ಲ ತೆಗೆದುಕೊಂಡು ಅಲ್ಲೇ ಕುಳಿತು ನೆಕ್ಕುತ್ತಿತ್ತು.

ಒಂದು ಸಲ ಅದರ ಎಳೆಗೂಸು ಕರೆಂಟಿನ ತಂತಿ ಮುಟ್ಟಿ ಸತ್ತುಹೋಯಿತು. ತಾಯಿ ಅದನ್ನು ಎದೆಗೆ ಅವಚಿಕೊಂಡು ಕೆಳಗಿಡಲೇ ಇಲ್ಲ. ನಮ್ಮ ಕಡೆ ಕೋತಿಯೆಂದರೆ ಹನುಮಂತರಾಯ; ಸತ್ತರೆ ಮನುಷ್ಯರಿಗೆ ಮಾಡುವಂತೆ ಮಣ್ಣು, ತಿಥಿ ಎಲ್ಲ ಮಾಡುತ್ತಾರೆ. ಊರಿನವರು ತಮಟೆ ಬಡಿದು, ಪಟಾಕಿ ಹಚ್ಚಿ, ತಾಯಿಯನ್ನು ಹೆದರಿಸಿ ಆ ಪುಟ್ಟ ಹೆಣವನ್ನು ಬಿಡಿಸಿಕೊಂಡರು. ಕುಂಕುಮವಿಟ್ಟು, ಹೂವು ಹಾಕಿ, ಗುಡಿಯ ಹಿಂದೆ ಮಣ್ಣು ಮಾಡಿದರು. ಭಕ್ತಿಗೇನೂ ಕಡಿಮೆ ಇರಲಿಲ್ಲ.

ಆ ದಿನಗಳಲ್ಲೇ ಆಲೆಮನೆಯ ಕಬ್ಬಿನ ಒಣ ತರಗಿನ ರಾಶಿಯಲ್ಲಿ ನಮ್ಮ ಕೆಂದು ನಾಯಿ ಮರಿ ಹಾಕಿತ್ತು. ಕೂಸು ಕಳೆದುಕೊಂಡ ಕೋತಿ ದಿನವೂ ಬಂದು ದೂರದಲ್ಲಿ ಕೂರತೊಡಗಿತು. ಮೊದಮೊದಲು ನಾಯಿ ಗುರ್ರೆಂದಿತು. ಕೋತಿ ಸ್ವಲ್ಪ ಸ್ವಲ್ಪವೇ ಹತ್ತಿರ ಜರುಗಿ, ನಾಯಿಯ ಕಿವಿಯಿಂದ ಉಣ್ಣಿ ಆರಿಸಲು ಶುರುಮಾಡಿತು. ನಾಯಿ ಕಣ್ಣು ಮುಚ್ಚಿ ಮಲಗಿಬಿಟ್ಟಿತು! ಆಮೇಲೊಂದು ಬೆಳಿಗ್ಗೆ ನೋಡಿದರೆ ಕರಿಯ ಮರಿಯೊಂದು ಕೋತಿಯ ಎದೆಗೆ ಬಾಯಿ ಹಾಕಿ ಹಾಲು ಕುಡಿಯುತ್ತಿತ್ತು. ಅಕ್ಕ ನನ್ನ ಕೈ ಹಿಡಿದು ಜಗ್ಗಿದಳು. "ಎಂಗೆ ತಬ್ಕಂಡದೆ ನೋಡ್ಲಾ!" ಅಂದಿನಿಂದ ಮರಿ ಕೋತಿಯ ಕಂಕುಳಲ್ಲಿ ಮರದ ಮೇಲೂ ಹೋಗುತ್ತಿತ್ತು, ಕೆಳಗಿದ್ದಾಗ ಹಸಿದರೆ ತನ್ನ ತಾಯಿಯ ಬಳಿಗೂ ಓಡುತ್ತಿತ್ತು. ಅದನ್ನು ನೋಡದೆ ಅಕ್ಕ ಸ್ಕೂಲಿಗೆ ಹೊರಡುತ್ತಿರಲಿಲ್ಲ.

ಸತ್ತ ಕೂಸಿನ ತಿಥಿಯ ದಿನ ಬಂತು. ಅರಳಿಮರದ ಕೆಳಗೆ ಚಪ್ಪರ ಹಾಕಿದ್ದರು. ಬಾಳೆಯೆಲೆಯ ಮೇಲೆ ಪಾಯಸ, ವಡೆ, ಬಾಳೆಹಣ್ಣು ಬಡಿಸಿ ಎಡೆ ಇಟ್ಟರು. ಕೋತಿ ಬಂದು ಎಡೆ ಮುಟ್ಟಿದ ಮೇಲೆಯೇ ಊರಿಗೆ ಊಟ. ಪಾಯಸದ ವಾಸನೆಗೆ ನನ್ನ ಹೊಟ್ಟೆ ತಾಳ ಹಾಕುತ್ತಿತ್ತು. ಆ ತಾಯಿ ಕೋತಿ ಇಳಿದು ಬಂತು, ಕಂಕುಳಲ್ಲಿ ನಾಯಿಮರಿಯನ್ನು ಅವಚಿಕೊಂಡು.

ಊರಿನ ಯಜಮಾನರ ಮುಖ ಕಪ್ಪಿಟ್ಟಿತು. "ನಾಯಿ ಇಡ್ಕಂಡ ಕೈಲಿ ಎಡೆ ಮುಟ್ಟಿದ್ರೆ ಮೈಲಿಗೆ ಆಗಕಿಲ್ವೇನ್ಲಾ?" ಎಂದು ಅಪ್ಪನ ಕಡೆ ತಿರುಗಿದರು. "ಸತ್ತ ಕೂಸ್ಗೆ ಮುಕ್ತಿ ಸಿಕ್ಬೇಕೋ ಬ್ಯಾಡ್ವೋ? ಬುಡ್ಸು ಅದ್ನ. ನಿನ್ ತಾವ ಆದ್ರೆ ಬತ್ತದೆ."

ಅಕ್ಕ ಅಪ್ಪನ ಪಂಚೆ ಹಿಡಿದುಕೊಂಡಳು. "ಬ್ಯಾಡ ಕಣಪ್ಪ, ಅದು ತನ್ನ ಕೂಸು ಅನ್ಕಂಡದೆ."

"ಸುಮ್ಕಿರವ್ವ, ದ್ಯಾವ್ರ ಕೆಲ್ಸ," ಎಂದು ಅಪ್ಪ ಒಂದು ಉಂಡೆ ಬೆಲ್ಲ ಹಿಡಿದು ಮುಂದೆ ಹೋದರು. ಕೋತಿ ಎಂದಿನಂತೆ ಹತ್ತಿರ ಬಂದು ಅಂಗೈಗೆ ಕೈ ಚಾಚಿತು. ಅಪ್ಪ ಇನ್ನೊಂದು ಕೈಯಿಂದ ಮರಿಯನ್ನು ಕಸಿದುಕೊಂಡರು. ಮರಿ ಕಿರುಚಿತು. ಕೋತಿಯ ಕೈಯಿಂದ ಬೆಲ್ಲ ಜಾರಿ ಮಣ್ಣಿಗೆ ಬಿತ್ತು. ಕಚ್ಚುತ್ತದೆಂದು ಎಲ್ಲರೂ ಹಿಂದೆ ಸರಿದರು. ಅದು ಕಚ್ಚಲಿಲ್ಲ, ಅಪ್ಪನ ಮುಖವನ್ನು ನೋಡುತ್ತಾ ನಿಂತಿತು.

ಮರಿಯನ್ನು ಮನೆಯೊಳಗೆ ಕುಕ್ಕೆಯ ಕೆಳಗೆ ಮುಚ್ಚಿಟ್ಟರು. ಎಡೆಯ ಕಡೆಗೆ ಕೋತಿ ತಿರುಗಿಯೂ ನೋಡಲಿಲ್ಲ. ತರಗಿನ ರಾಶಿಗೆ ಹೋಗಿ ಒಂದೊಂದೇ ಗರಿ ಎತ್ತಿ ಹುಡುಕತೊಡಗಿತು. ಪಾಯಸದ ಮೇಲೆ ಕೆನೆ ಕಟ್ಟಿತು, ನೊಣ ಮುತ್ತಿದವು. ಊರೆಲ್ಲ ಕೈಕಟ್ಟಿಕೊಂಡು ಕಾದರೂ ಅದು ಹುಡುಕುವುದನ್ನು ನಿಲ್ಲಿಸಲಿಲ್ಲ. ಕೊನೆಗೆ ಯಜಮಾನರೇ "ನಮ್ ಯೋಗ್ತೆ ಇಷ್ಟೇಯ, ಉಣ್ರಪ್ಪ" ಎಂದರು. ಅಷ್ಟು ಆಸೆಪಟ್ಟಿದ್ದ ಪಾಯಸವನ್ನು ನಾನು ಎಲೆಯಲ್ಲೇ ಬಿಟ್ಟೆ.

ಅಕ್ಕ ಊಟಕ್ಕೆ ಕೂರಲೇ ಇಲ್ಲ. ಅಪ್ಪನ ಎದುರು ನಿಂತು ಅಳುತ್ತಾ, "ಅವತ್ತೂ ದ್ಯಾವ್ರು ಅಂದ್ರಿ, ಇವತ್ತೂ ದ್ಯಾವ್ರು ಅಂದ್ರಿ. ತಾಯಿ ಅಂತ ಒಬ್ರೂ ಅನ್ನಲಿಲ್ವಲ್ಲಪ್ಪ!" ಎಂದಳು.

ಅಪ್ಪ ಎದ್ದು ಹೋಗಿ ಕುಕ್ಕೆ ಎತ್ತಿ, ಮರಿಯನ್ನು ಹೊತ್ತು ತಂದು ಮರದ ಬುಡದಲ್ಲಿ ಬಿಟ್ಟರು. ಕೋತಿ ಅಷ್ಟರಲ್ಲಿ ತುದಿಗೊಂಬೆ ಸೇರಿತ್ತು. ಅಪ್ಪ ಬೆಲ್ಲ ಹಿಡಿದು, "ಬಾರವ್ವ, ತಪ್ಪಾಯ್ತು ಬಾ" ಎಂದು ಕತ್ತಲಾಗುವವರೆಗೂ ಕರೆದರು. ಕೆಳಗೆ ಮರಿ ಕುಂಯ್‌ಗುಟ್ಟಿದಾಗ ಅದು ಒಂದು ಕೊಂಬೆ ಇಳಿಯುತ್ತಿತ್ತು, ಅಪ್ಪನನ್ನು ಕಂಡು ಮತ್ತೆ ಹತ್ತುತ್ತಿತ್ತು. ಅಪ್ಪ ದೂರ ಸರಿದು ನಿಂತರೂ ಇಳಿಯಲಿಲ್ಲ. ಕೊನೆಗೆ ಕೆಂದು ನಾಯಿಯೇ ಬಂದು ಮರಿಯನ್ನು ಕಚ್ಚಿಕೊಂಡು ಹೋಯಿತು. ಬೆಳಿಗ್ಗೆ ಮರದಲ್ಲಿ ಒಂದು ಕೋತಿಯೂ ಇರಲಿಲ್ಲ. ಆಮೇಲೆ ಬೇರೆ ಗುಂಪುಗಳು ಬಂದವು. ಆ ತಾಯಿ ಮಾತ್ರ ಬರಲಿಲ್ಲ. ಅಪ್ಪ ಇರುವಷ್ಟು ಕಾಲವೂ ಬೆಲ್ಲ ಬಿಡಿಸುವಾಗ ಒಮ್ಮೆ ಮರದ ಕಡೆ ಕತ್ತೆತ್ತಿ ನೋಡುತ್ತಿದ್ದರು. ನೋಡಿದಾಗಲೆಲ್ಲ ನನಗೆ ಸಂಕಟವಾಗುತ್ತಿತ್ತು.

ಮಕ್ಕಳೇ, ನಿಮಗೆ ಈಗ ಕೋತಿಯೆಂದರೆ ಒಣಗಲು ಹಾಕಿದ ಹಪ್ಪಳ ಕದಿಯುವ ಕಳ್ಳ. ತಾರಸಿಗೆ ಬಂದರೆ ಬಾಗಿಲು ಹಾಕಿಕೊಂಡು ಕೂಗುತ್ತೀರಿ. ಅದೇ, ಮೊಬೈಲಿನ ವಿಡಿಯೊದಲ್ಲಿ ಎಲ್ಲಿಯದೋ ಕೋತಿ ನಾಯಿಮರಿಯನ್ನು ತಬ್ಬಿಕೊಂಡು ಕುಳಿತಿದ್ದರೆ, "ತಾತ, ಎಷ್ಟು ಮುದ್ದಾಗಿದೆ ನೋಡಿ" ಎಂದು ನನ್ನ ಕಣ್ಣಿಗೇ ಹಿಡಿಯುತ್ತೀರಿ. ಮೊದಲ ಸಲ ನೋಡಿದಾಗ ನಾನು ಎದ್ದು ಹೊರಗೆ ಹೋಗಿದ್ದೆ. ಈಗ ನಾನೇ ಇನ್ನೊಂದು ಸಲ ಹಾಕಿ ಎನ್ನುತ್ತೇನೆ. ಯಾರಾದರೂ ಬಂದು ಮರಿಯನ್ನು ಕಿತ್ತುಕೊಳ್ಳುವ ಮೊದಲೇ ಆ ವಿಡಿಯೊ ಮುಗಿದುಹೋಗುತ್ತದೆ.