ಗೋಡೆಯಾಚೆಯ ಅರ್ಧ ನಿಮಿಷ

ಅಪ್ಪನ ಮೊಣಕಾಲಿನ ಆಪರೇಶನ್ ಆಗಿ ಆಗ ತಿಂಗಳಾಗಿತ್ತು. ಅವ್ವ ಎರಡು ತಿಂಗಳು ಎನ್ನುತ್ತಾಳೆ. ನಡೆಯದಿದ್ದರೆ ಕಾಲು ಬಿಗಿದುಕೊಂಡುಬಿಡುತ್ತದೆ ಎಂದು ಡಾಕ್ಟರು ಹೆದರಿಸಿದ್ದರಲ್ಲಿ ಮಾತ್ರ ಇಬ್ಬರಿಗೂ ತಕರಾರಿಲ್ಲ. ಅಪ್ಪ ವಾಕರ್ ಹಿಡಿದು ಬಚ್ಚಲತನಕ ಹೋಗಿಬಂದು, ಇವತ್ತಿನದು ಮುಗಿಯಿತು ಎನ್ನುತ್ತಿದ್ದರು.

ಆ ರವಿವಾರ ಮಧ್ಯಾಹ್ನ ಟೆನಿಸ್ ಫೈನಲ್. ಅಪ್ಪನ ಮೆಚ್ಚಿನ ಆಟಗಾರ ಮೊದಲೆರಡು ಸೆಟ್ ಸೋತಿದ್ದ. ಮೂವತ್ತೈದು ದಾಟಿದ್ದರಿಂದ ಅಪ್ಪ ಅವನನ್ನು 'ನಮ್ಮ ಮುದುಕ' ಎನ್ನುತ್ತಿದ್ದರು. ಮೂರನೆಯ ಸೆಟ್ಟಿನಲ್ಲಿ ಮುದುಕನಿಗೆ ಜೀವ ಬಂತು.

ನಮ್ಮದು ಇಂಟರ್ನೆಟ್ಟಿನ ಟಿವಿ, ಬಾಜೂ ಮನೆಯ ಮಾಸ್ತರರದು ಡಿಶ್. ಅವರಲ್ಲಿ ಆಟ ಅರ್ಧ ನಿಮಿಷ ಮುಂದೆ. ನಮ್ಮ ಮುದುಕ ಇನ್ನೂ ಚೆಂಡು ಪುಟಿಸುತ್ತಿರುವಾಗಲೇ ಗೋಡೆಯಾಚೆಯಿಂದ "ಹೊಡದಾ!" ಎಂಬ ಕೂಗು.

"ಮಾಸ್ತರ, ಬಾಯಿ ಮುಚ್ಚಿ ನೋಡ್ರಿ!" ಅಪ್ಪ ಕೂಗಿದರು.

"ನಿಮಗ ಕೇಳಾಕತ್ತೈತೇನ್ರಿ?"

"ಅರ್ಧಾ ಧಾರವಾಡಕ್ಕ ಕೇಳಾಕತ್ತೈತಿ!"

ನಾಲ್ಕನೆಯ ಸೆಟ್ಟಿನ ಕೊನೆಗೆ ಆಚೆ ಸದ್ದೇ ಇಲ್ಲ. ಮುದುಕ ಸೋತನೆಂದೇ ಅಪ್ಪ ತೀರ್ಮಾನಿಸಿದರು. "ಏನಾತು, ಖರೇ ಹೇಳ್ರಿ!" ಎಂದು ಗೋಡೆಯತ್ತ ಕೂಗಿದರು. ಅಪ್ಪ ಎದ್ದೇಬಿಟ್ಟರು. ಅಂಗಳ ದಾಟಿ ಮಾಸ್ತರರ ಮನೆಯ ಮೂರು ಮೆಟ್ಟಿಲು ಹತ್ತಿದರು. ವಾಕರ್ ಇರಲಿಲ್ಲವೆಂದು ನನ್ನ ನೆನಪು. ತಾನೇ ಅದನ್ನು ಹೊತ್ತು ಹಿಂದೆ ಬಂದೆ ಎಂದು ಅವ್ವ. ಅಪ್ಪ ಓಡಿಬಂದರು ಎಂದು ಮಾಸ್ತರರು. ಅದನ್ನು ಯಾರೂ ನಂಬಬಾರದು.

ಮಾಸ್ತರರು ಬಾಯಿಗೆ ಟವೆಲ್ ತುರುಕಿಕೊಂಡು ಕೂತಿದ್ದರು. ತೆಗೆದು, "ನೀವ ಅಂದ್ರೆಲ್ಲಾ, ಒದರಬ್ಯಾಡ್ರಿ ಅಂತ?" ಎಂದರು. ಅಷ್ಟರಲ್ಲಿ ಮುದುಕ ಸೆಟ್ ಗೆದ್ದ.

"ಬರ್ರಿ, ಕೂಡ್ರಿ."

"ಕೂಡೂದಿಲ್ಲ. ನಾ ನಿಂತೇನಿ ಅಂತ ಗೆದ್ದಾನ."

ಐದನೆಯ ಸೆಟ್ ಪೂರ್ತಿ ಅಪ್ಪ ಬಾಗಿಲ ಚೌಕಟ್ಟು ಹಿಡಿದು ನಿಂತೇ ಇದ್ದರು. ಪೂರ್ತಿಯೋ, ನಡುವೆ ಕೂತರೋ, ಆಣೆ ಮಾಡಲಾರೆ. ಮುದುಕ ಗೆದ್ದ. ಕೊನೆಯ ಹೊಡೆತ ಹೇಗಿತ್ತೆಂದು ಕೇಳಬೇಡಿ. ನಾನು ಅಪ್ಪನ ಮೊಣಕಾಲು ನೋಡುತ್ತಿದ್ದೆ. ಮಾಸ್ತರರು ಅಪ್ಪನನ್ನು ಅಪ್ಪಿಕೊಂಡರು. ಇಬ್ಬರೂ ಚಿಕ್ಕ ಹುಡುಗರ ಹಾಗೆ ನಗುತ್ತಿದ್ದರು.

ಆಮೇಲೆ ಅಪ್ಪ ಮೆಟ್ಟಿಲ ತುದಿಗೆ ಬಂದು ನಿಂತರು. ಹತ್ತಿದ್ದು ಸಿಟ್ಟಿನಲ್ಲಿ. ಇಳಿಯಲು ಸಿಟ್ಟು ಉಳಿದಿರಲಿಲ್ಲ. ಕಾಲು ಮುಂದಿಟ್ಟು, ಮತ್ತೆ ಹಿಂದಕ್ಕೆಳೆದುಕೊಂಡರು. ಮಾಸ್ತರರು ಒಂದು ಕ್ಷಣ ನೋಡಿ, ಹಿಂದಿನಿಂದ ಮೆಲ್ಲಗೆ ಅಂದರು:

"ಏನ ಅನ್ರಿ, ನಿಮ್ಮ ಮುದುಕ ನಸೀಬದ ಮ್ಯಾಲ ಗೆದ್ದಾ."

"ಏನಂದ್ರಿ?" ಅಪ್ಪ ಒಂದು ಮೆಟ್ಟಿಲು ಇಳಿದು, ತಿರುಗಿ ನಿಂತು ಬೈದರು.

"ಎದುರಿನ ಹುಡುಗನ ಆಟನ ಛಲೋ ಇತ್ತು."

ಎರಡನೆಯ ಮೆಟ್ಟಿಲು. ಮೂರನೆಯದಕ್ಕೆ ಮಾಸ್ತರರು ಏನೂ ಹೇಳಬೇಕಾಗಲಿಲ್ಲ. ಅಪ್ಪ ಬೈಯುತ್ತಲೇ ಇಳಿದು ಅಂಗಳಕ್ಕೆ ಬಂದಿದ್ದರು.