ಟ್ಯಾಂಟಿ ಇಸ್ಮೇಯ ಗೇಟು

ಗ್ವಾವ್ ಊರಿನ ಗುಡ್ಡದ ಮೇಲೆ ಟ್ಯಾಂಟಿ ಇಸ್ಮೇ ನಾಲ್ಕು ಕೋಣೆಗಳ ವಸತಿಗೃಹ ನಡೆಸುತ್ತಾಳೆ. ಟ್ಯಾಂಟಿ ಎಂದರೆ ಚಿಕ್ಕಮ್ಮ. ಆಕೆ ಊರಿಗೆಲ್ಲ ಚಿಕ್ಕಮ್ಮ. ನಮ್ಮ ಗ್ರೆನಡಾ ದ್ವೀಪ ನೋಡಲು ಬರುವವರನ್ನು ವಿಮಾನ ನಿಲ್ದಾಣದಿಂದ ಅವಳ ಮನೆಗೆ ಮುಟ್ಟಿಸುವುದು ನನ್ನ ಟ್ಯಾಕ್ಸಿಯ ಕೆಲಸ. ಹದಿನಾಲ್ಕು ವರ್ಷವಾದರೂ ಅವಳಿಗೆ ನನ್ನ ಮೇಲೆ ಪೂರ್ತಿ ನಂಬಿಕೆಯಿಲ್ಲ. ನಾನು ಪೆಟ್ಟಿಗೆ ಇಳಿಸುವಾಗ ಮೆಟ್ಟಿಲ ಮೇಲೆ ನಿಂತು ಕಣ್ಣಿಟ್ಟಿರುತ್ತಾಳೆ.

ಬಂದವರಿಗೆ ಕೋಕೋ ಟೀ ಕೊಟ್ಟ ಕೂಡಲೇ ಪಾಠ ಶುರು.

"ಕತ್ತಿನ ಸರ ತೆಗೆದಿಡಿ. ಈಜೋಕೆ ಹೋದಾಗ ಚೀಲಾನ ಮರಳ ಮೇಲೆ ಬಿಡ್ಬೇಡಿ. ಯಾರು ಕರೆದ್ರೂ ಗಾಡಿ ಹತ್ತಬೇಡಿ, ಈ ಸೆಲ್ವಿನ್‌ದು ಬಿಟ್ಟು. ಎಲ್ಲಿಗೆ ಹೋಗ್ತೀವಿ, ಎಷ್ಟೊತ್ತಿಗೆ ಬರ್ತೀವಿ ಅಂತ ಯಾರ ಹತ್ರಾನೂ ಬಾಯಿ ಬಿಡ್ಬೇಡಿ."

"ನನ್ನಾದ್ರೂ ನಂಬಿದ್ಯಲ್ಲ ಟ್ಯಾಂಟಿ!"

"ನಿನ್ನ ಮನೆ ಎಲ್ಲಿದೆ ಅಂತ ಗೊತ್ತಲ್ಲ, ಅದಕ್ಕೆ."

ಮನುಷ್ಯರನ್ನು ಅಳೆಯಲು ಅವಳ ಬಳಿ ಇದ್ದದ್ದು ಒಂದೇ ಅಳತೆ. ನಮ್ಮಲ್ಲಿ ಬಸ್ಸು ಹತ್ತಿದವರೂ ಒಳಗಿರುವವರಿಗೆಲ್ಲ ಗುಡ್ ಮಾರ್ನಿಂಗ್ ಹೇಳಿಯೇ ಕೂರುವುದು. ಗೇಟಿನಲ್ಲಿ ನಿಂತು ಗುಡ್ ಮಾರ್ನಿಂಗ್ ಹೇಳದವನು ಅವಳ ಲೆಕ್ಕದಲ್ಲಿ ಕಳ್ಳ. ಆ ಅಳತೆಯನ್ನು ನಾನೂ ನಂಬಿದ್ದೆ, ಈಗ ನೆನೆದರೆ ಮೈ ಉರಿಯುತ್ತದೆ.

ಕಳೆದ ಫೆಬ್ರವರಿಯಲ್ಲಿ ಕೆನಡಾದ ಶಿಕ್ಷಕಿಯೊಬ್ಬರನ್ನು ಜಲಪಾತ ತೋರಿಸಲು ಕರೆದೊಯ್ದಿದ್ದೆ. ನಾಲ್ಕಕ್ಕೆ ಮರಳಿದರೆ ಅವರ ಕೋಣೆಯಲ್ಲಿ ಪಾಸ್‌ಪೋರ್ಟೂ ಇಲ್ಲ, ಕ್ಯಾಮೆರಾವೂ ಇಲ್ಲ. ಬಾಗಿಲು ಮುರಿದಿರಲಿಲ್ಲ. ಬೀಗದ ಕೈ ಅಡುಗೆಮನೆಯ ಮೊಳೆಯಲ್ಲಿ ಎಂದಿನಂತೆ ತೂಗುತ್ತಿತ್ತು.

ಟ್ಯಾಂಟಿ ಕೋಣೆ ಗುಡಿಸುವ ಬರ್ನಡೀನ್‌ಳನ್ನು ಕರೆಸಿದಳು.

"ಆ ಮೊಳೆ ಗೊತ್ತಿರೋದು ಮೂರೇ ಜನಕ್ಕೆ. ಸೆಲ್ವಿನ್ ಜಲಪಾತದ ಹತ್ರ ಇದ್ದ. ನಾನಂತೂ ಕದ್ದಿಲ್ಲ. ಇನ್ನುಳಿದೋಳು ಯಾರು, ನೀನೇ ಹೇಳು."

"ನಾನು ಹತ್ತಕ್ಕೇ ಮನೆಗೆ ಹೋದೆ. ಒಂಬತ್ತು ವರ್ಷ ಆಯ್ತು ಟ್ಯಾಂಟಿ, ಒಂದು ಸೋಪಿನ ಚೂರಾದ್ರೂ ಹೋಗಿದ್ಯಾ?"

"ದೊಡ್ಡದಕ್ಕೆ ಹೊಂಚು ಹಾಕ್ತಿದ್ದೆ ಅನ್ಸುತ್ತೆ."

ಬರ್ನಡೀನ್ ಏಪ್ರನ್ ಬಿಚ್ಚಿ, ಮಡಚಿ, ಮೇಜಿನ ಮೇಲಿಟ್ಟಳು. ಕಳ್ಳಿ ಎಂಬ ಹೆಸರು ಅಂಟಿದರೆ ಈ ಕರಾವಳಿಯುದ್ದಕ್ಕೂ ಯಾರೂ ಅವಳ ಕೈಗೆ ಪೊರಕೆ ಕೊಡುವುದಿಲ್ಲ. ಅದು ಗೊತ್ತಿದ್ದೂ ನಾನು ತುಟಿ ಬಿಚ್ಚಲಿಲ್ಲ. ನಿಜ ಹೇಳಬೇಕೆಂದರೆ ನನಗೂ ಅವಳ ಮೇಲೆ ಅನುಮಾನ ಬಂದಿತ್ತು.

ಮರುದಿನ ಬೆಳಿಗ್ಗೆ ಶಿಕ್ಷಕಿಯನ್ನು ಪೊಲೀಸ್ ಠಾಣೆಗೆ ಬಿಟ್ಟು ಬಂದೆ. ಟ್ಯಾಂಟಿ ಮಂಡಿಗೆ ಏನೋ ಸವರಿಕೊಳ್ಳುತ್ತಾ ಕೂತಿದ್ದಳು. ಜಾಯಿಕಾಯಿಯ ವಾಸನೆ.

"ಇದೆಲ್ಲಿಂದ ಬಂತು ಟ್ಯಾಂಟಿ?"

"ನಿನ್ನೆ ಮುಲಾಮು ಮಾರೋನು ಬಂದಿದ್ದ. ಒಳ್ಳೆ ಮನುಷ್ಯ. ಟೋಪಿ ತೆಗೆದು ಗುಡ್ ಮಾರ್ನಿಂಗ್ ಅಂದ, ಮಂಡಿನೋವು ಹೇಗಿದೆ ಅಂತ ವಿಚಾರಿಸ್ದ. ನಿಂಗಿಲ್ಲ ಆ ಮರ್ಯಾದೆ."

"ಮತ್ತೇನು ವಿಚಾರಿಸ್ದ?"

"ಅತಿಥಿಗಳು ಚೆನ್ನಾಗಿದಾರಾ ಅಂದ. ಮೇಡಂ ಜಲಪಾತಕ್ಕೆ ಹೋಗಿದಾರೆ, ನಾಲ್ಕಕ್ಕೆ ಬರ್ತಾರೆ..."

ಸವರುತ್ತಿದ್ದ ಬೆರಳು ಮಂಡಿಯ ಮೇಲೆಯೇ ನಿಂತಿತು.

"ಆಮೇಲೆ?"

"ಮುಲಾಮು ಹಚ್ಚಿದ. ಕಾಲು ಅಲ್ಲಾಡಿಸಬೇಡಿ ಟ್ಯಾಂಟಿ, ಬಟ್ಟೆ ಬಿಸಿ ಮಾಡಿ ತರ್ತೀನಿ ಅಂತ ಅಡುಗೆಮನೆಗೆ ಹೋದ." ಮುಲಾಮಿನ ಡಬ್ಬಿಗೆ ಮುಚ್ಚಳ ಹಾಕಿದಳು. "ಬರೋದು ತಡ ಆಯ್ತು."

ಅವಳ ಮುಖ ನೋಡಲಾಗಲಿಲ್ಲ ನನಗೆ. ಅವಳು ಎದ್ದು, ಚರ್ಚಿಗೆ ಹೋಗುವಾಗಿನ ಟೋಪಿ ಹಾಕಿಕೊಂಡು, "ಗಾಡಿ ತೆಗಿ," ಎಂದಳು. ನೇರ ಬರ್ನಡೀನ್‌ಳ ಮನೆಗೆ ಹೋದೆವು.

ಬರ್ನಡೀನ್ ಅಂಗಳದಲ್ಲಿ ಬಟ್ಟೆ ಒಣಹಾಕುತ್ತಿದ್ದಳು. ಟ್ಯಾಂಟಿ ಗೇಟಿನ ಹೊರಗೆ ನಿಂತಳು.

"ಗುಡ್ ಮಾರ್ನಿಂಗ್, ಬರ್ನಡೀನ್."

ಬರ್ನಡೀನ್ ಇನ್ನೊಂದು ಹಾಸುಬಟ್ಟೆ ಕೊಡವಿ ಹಗ್ಗಕ್ಕೆ ಹಾಕಿದಳು.

"ಗುಡ್ ಮಾರ್ನಿಂಗ್ ಕಣೇ. ತಪ್ಪು ನಂದು. ಬಾಯಿ ಬಿಟ್ಟೋಳು ನಾನೇ. ಭಾನುವಾರ ಚರ್ಚಿನ ಬಾಗಿಲಲ್ಲಿ ನಿಂತು ಎಲ್ಲರ ಮುಂದೆ ಹೇಳ್ತೀನಿ."

ಬರ್ನಡೀನ್ ಖಾಲಿ ಬುಟ್ಟಿ ಎತ್ತಿಕೊಂಡು ಒಳಗೆ ಹೋಗಿ ಬಾಗಿಲು ಹಾಕಿದಳು.

ಗೇಟಿಗೆ ಚಿಲಕವೂ ಇರಲಿಲ್ಲ. ತಳ್ಳಿದ್ದರೆ ತೆರೆಯುತ್ತಿತ್ತು. ಆದರೆ ಗುಡ್ ಮಾರ್ನಿಂಗ್‌ಗೆ ಮರುಮಾತು ಬಾರದೆ ಇನ್ನೊಬ್ಬರ ಗೇಟು ದಾಟುವವಳಲ್ಲ ಟ್ಯಾಂಟಿ. ನಾನು ಗಾಡಿ ಆಫ್ ಮಾಡಿದೆ. ಮಧ್ಯಾಹ್ನದ ಬಸ್ಸು ಹೋದಾಗಲೂ ಅವಳು ಅಲ್ಲೇ ನಿಂತಿದ್ದಳು.